ಅಮ್ಮನಿಗೆ ಅಂಕ ಕೊಡಬೇಡಿ, ಕವನಕ್ಕೆ ಕೊಡಿ

ಪ್ರಶ್ನೆ: ಸರ್, ನಾನು ಚಿತ್ರದುರ್ಗದ ಹತ್ತಿರದ ಒಂದು ಊರಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್. ಓದುವ ಹುಚ್ಚಿದೆ, ಆದರೆ ಕವಿಯಲ್ಲ. ನಮ್ಮೂರಿನ ಯುವಕ ಸಂಘದವರು ರಾಜ್ಯೋತ್ಸವಕ್ಕೆ ಕವನ ಸ್ಪರ್ಧೆ ಇಟ್ಟು, ಮೂವರು ತೀರ್ಪುಗಾರರಲ್ಲಿ ನನ್ನನ್ನೂ ಸೇರಿಸಿದ್ದಾರೆ. 84 ಕವನ ಬಂದಿವೆ. ಅರ್ಧಕ್ಕರ್ಧ ಅಮ್ಮ, ರೈತ, ಕನ್ನಡಾಂಬೆ, ಓಬವ್ವ. ಭಾವ, ಭಾಷೆ, ಶೈಲಿ, ಛಂದಸ್ಸು, ಒಟ್ಟಂದ ಅಂತ ಐದು ಕಾಲಂ, ಒಂದೊಂದಕ್ಕೆ 10 ಅಂಕ. ಜೊತೆಯ ತೀರ್ಪುಗಾರರಲ್ಲಿ ಒಬ್ಬರು ನಿವೃತ್ತ ಕನ್ನಡ ಮೇಷ್ಟ್ರು, ಛಂದಸ್ಸಿಲ್ಲದ್ದು ಕವನವೇ ಅಲ್ಲ ಅನ್ನುತ್ತಾರೆ. ಇನ್ನೊಬ್ಬರು ಎಲ್ಲವೂ ಚೆನ್ನಾಗಿದೆ ಅನ್ನುತ್ತಾರೆ. ನಾನು ಏನು ನೋಡಿ ಅಂಕ ಕೊಡಲಿ? ಮೊಬೈಲಿನಲ್ಲೇ ಕವನ ಬರೆಸುತ್ತಾರಂತೆ, ಅದನ್ನು ಹಿಡಿಯೋದು ಹೇಗೆ? ಒಂದೂ ಚೆನ್ನಾಗಿಲ್ಲ ಅನ್ನಿಸಿದರೂ ಮೊದಲ ಬಹುಮಾನ ಕೊಡಲೇಬೇಕಾ?

ಉತ್ತರ:

ಮೇಡಂ, ಕವಿಯಲ್ಲ ಅಂತ ಹಿಂಜರಿಯಬೇಡಿ. ದೋಸೆ ಹುಯ್ಯಲು ಬರದವರೂ ಯಾವ ಹೋಟೆಲಿನ ಬೆಣ್ಣೆ ದೋಸೆ ಚೆನ್ನಾಗಿದೆ ಅಂತ ನಮ್ಮ ದಾವಣಗೆರೆಯಲ್ಲಿ ಗಂಟೆಗಟ್ಟಲೆ ಜಗಳ ಆಡುತ್ತಾರೆ. ಬಹಳ ಸಲ ಅವರ ಮಾತು ಸರಿಯಾಗಿಯೇ ಇರುತ್ತದೆ. ತಿಂದು ತಿಂದು ನಾಲಿಗೆ ಕಲಿತಿರುತ್ತದೆ ನೋಡಿ, ಹಾಗೆ ಓದಿ ಓದಿ ನಿಮ್ಮ ಕಿವಿಯೂ ಕಲಿತಿರುತ್ತದೆ. ಕವಿಗಳು ತೀರ್ಪುಗಾರರಾದರೆ ಇನ್ನೊಂದು ತೊಂದರೆ, ತಮ್ಮ ಹಾಗೆ ಬರೆದವರಿಗೇ ಬಹುಮಾನ ಕೊಡುತ್ತಾರೆ. ನಾನೂ ಕೊಟ್ಟಿದ್ದೇನೆ, ಸುಳ್ಳು ಯಾಕೆ.

ಈಗ ವಿಷಯಕ್ಕೆ ಬರೋಣ. ನೀವು ಹೇಳಿದ ನಾಲ್ಕು ಇವೆಯಲ್ಲ, ಅಮ್ಮ, ರೈತ, ಕನ್ನಡಾಂಬೆ, ಓಬವ್ವ, ನಮ್ಮ ಕಡೆಯ ಸ್ಪರ್ಧೆಗಳಲ್ಲಿ ತೀರ್ಪುಗಾರರು ಬೀಳುವ ಗುಂಡಿಗಳೇ ಇವು. ಈ ನಾಲ್ವರ ಮೇಲೆ ನಮಗೆ ಮೊದಲೇ ಪ್ರೀತಿ ಇದೆ. ಕವನದ ಹೆಸರು 'ಅಮ್ಮ' ಅಂತ ಕಂಡ ಕೂಡಲೇ ನಮ್ಮಮ್ಮ ನೆನಪಾಗುತ್ತಾಳೆ, ಗಂಟಲು ಕಟ್ಟುತ್ತದೆ, 'ಭಾವ' ಅನ್ನುವ ಕಾಲಂನಲ್ಲಿ ಪೆನ್ನು ತಾನಾಗಿಯೇ 8 ಬರೆಯುತ್ತದೆ. ಆ 8 ಯಾರಿಗೆ ಹೋಯಿತು? ನಿಮ್ಮಮ್ಮನಿಗೆ ಹೋಯಿತು. ಬರೆದವರು ಇನ್ನೂ ಏನೂ ಮಾಡಿಲ್ಲ, ಹೆಸರು ಇಟ್ಟಿದ್ದಾರೆ ಅಷ್ಟೆ. ರೈತನ ಕವನದ್ದೂ ಇದೇ ಕಥೆ. 'ದೇಶದ ಬೆನ್ನೆಲುಬು ನೀನು' ಅಂದವರಿಗೆ 4 ಕೊಡಲು ಹೋದರೆ ರೈತನಿಗೇ ಅನ್ಯಾಯ ಮಾಡಿದ ಹಾಗೆ ಕೈ ತಡೆಯುತ್ತದೆ. ತಡೆಯಬಾರದು. ಚಳ್ಳಕೆರೆ ಕಡೆ ಶೇಂಗಾ ಬಿತ್ತಿ ಮೋಡ ನೋಡುತ್ತಾ ಕೂತವನಿಗೆ ನೀವು ಕೊಡುವ 8ರಿಂದ ಒಂದು ಹನಿ ಮಳೆಯೂ ಬರುವುದಿಲ್ಲ.

ಒಂದು ಕಥೆ ಹೇಳುತ್ತೇನೆ, ನನ್ನದೇ ತಪ್ಪಿನ ಕಥೆ. ಹಲವು ವರ್ಷದ ಹಿಂದೆ ದಾವಣಗೆರೆಯಲ್ಲಿ ಹೈಸ್ಕೂಲ್ ಮಕ್ಕಳ ಸ್ಪರ್ಧೆ ಇತ್ತು. ಅಮ್ಮನ ಮೇಲೆ ಬಂದವೇ 20ಕ್ಕಿಂತ ಜಾಸ್ತಿ. ಬಹುಪಾಲು ಈ ಜಾತಿಯವು:

ಅಮ್ಮಾ ನೀನು ತ್ಯಾಗಮಯಿ
ಕರುಣೆಯ ಕಡಲು ಮಮತಾಮಯಿ
ನಿನ್ನ ಋಣವ ತೀರಿಸಲಾರೆ
ನೀನೇ ನನ್ನ ಬಾಳ ತಾರೆ

ಪ್ರಾಸ ಇದೆ, ಕಾಗುಣಿತ ಚೊಕ್ಕ, ಅಕ್ಷರ ಮುತ್ತು. ಆದರೆ ಇದು ಯಾರ ಅಮ್ಮ? ಮೊದಲ ಪದ ಬದಲಿಸಿದರೆ ಭಾರತ ಮಾತೆಗೂ ಆಗುತ್ತದೆ, ಭದ್ರಾ ನದಿಗೂ ಆಗುತ್ತದೆ, ಬಸ್ ಸ್ಟ್ಯಾಂಡ್ ಹಿಂದಿನ ಗುಡಿಯ ದೇವಿಗೂ ಆಗುತ್ತದೆ. ಅದೇ ಕಟ್ಟಿನಲ್ಲಿ ಗೆರೆ ಹಾಳೆಯ ಮೇಲೆ, ನೋಟ್‌ಬುಕ್ಕಿನಿಂದ ಹರಿದದ್ದು, ಒಂದು ಮೂಲೆಯಲ್ಲಿ ಎಣ್ಣೆ ಕಲೆ ಬೇರೆ, ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಹೀಗೆ ಬರೆದಿದ್ದಳು:

ಭಟ್ಟಿಯಿಂದ ಬಂದ ಅಮ್ಮ
ಮೊದಲು ಸೆರಗು ವದರುತ್ತಾಳೆ
ಮರಳು ಉದುರುತ್ತದೆ
ಆಮೇಲೆ ನನ್ನ ಕರೆಯುತ್ತಾಳೆ

ಮಂಡಕ್ಕಿ ಹುರಿಯುವುದು ಕಾದ ಮರಳಿನಲ್ಲಿ, ನಿಮಗೆ ಗೊತ್ತಿರುತ್ತದೆ. ಭಟ್ಟಿ ಕೆಲಸದ ಹೆಂಗಸು ಆ ಮರಳು ಮಗುವಿನ ಮೈಗೆ ತಾಗಬಾರದು ಅಂತ ಹೊಸ್ತಿಲ ಹೊರಗೇ ಸೆರಗು ಒದರಿಕೊಂಡು ಆಮೇಲೆ ಬಾ ಅನ್ನುತ್ತಾಳೆ. ಪ್ರೀತಿ ಅನ್ನುವ ಪದ ಎಲ್ಲೂ ಇಲ್ಲ. 'ಮೊದಲು', 'ಆಮೇಲೆ', ಈ ಎರಡು ಸಾದಾ ಪದಗಳೇ ಅಷ್ಟನ್ನೂ ಹೇಳುತ್ತವೆ. ಅವೆರಡನ್ನು ತೆಗೆದು ಓದಿ ನೋಡಿ, ಕವನ ಕೂತುಬಿಡುತ್ತದೆ. ಎರಡನೇ ಚರಣದಲ್ಲಿ ಪಾಪ ಅವಳಿಗೂ ಪಾಠದ ಅಮ್ಮ ನೆನಪಾಗಿ 'ತಾಯಿಯೇ ದೇವರು' ಅಂತ ಸೇರಿಸಿ ಕೆಡಿಸಿದ್ದಳು, ಅದು ಬೇರೆ ಮಾತು.

ಏನಾಯಿತು ಗೊತ್ತಾ? ಜೊತೆಯ ತೀರ್ಪುಗಾರರು 'ವದರುತ್ತಾಳೆ' ತಪ್ಪು, 'ಒದರುತ್ತಾಳೆ' ಆಗಬೇಕು ಅಂತ ಭಾಷೆಯಲ್ಲಿ 3 ಅಂಕ ಕತ್ತರಿಸಿದರು. ನಾನಾದರೂ ಸುಮ್ನೆ ಇರಬಾರದಿತ್ತು, ಇದ್ದೆ. ಅಷ್ಟೇ ಅಲ್ಲ, ನನ್ನ ಹಾಳೆಯಲ್ಲೂ ತ್ಯಾಗಮಯಿಗೆ ಭಾವ 9, ಭಾಷೆ 9 ಅಂತ ಇತ್ತು. ಕೂಡಿದಾಗ ತ್ಯಾಗಮಯಿ ಮೊದಲು, ಭಟ್ಟಿಯ ಅಮ್ಮ ಎರಡನೆಯದು. ಮನೆಗೆ ಬಂದು ಊಟಕ್ಕೆ ಕೂತಾಗ ನನಗೆ ನೆನಪಾದದ್ದು ಮಾತ್ರ ಉದುರಿದ ಮರಳು, ತ್ಯಾಗಮಯಿಯ ಒಂದು ಸಾಲೂ ಬಾಯಿಗೆ ಬರಲಿಲ್ಲ. ಮೇಲೆ ಕೊಟ್ಟಿರುವ ನಾಲ್ಕು ಸಾಲೂ ಆ ಮಾದರಿಯಲ್ಲಿ ನಾನೇ ಈಗ ಕಟ್ಟಿದ್ದು, ಎರಡು ನಿಮಿಷ ಹಿಡಿಯಿತು. ಎರಡು ನಿಮಿಷದಲ್ಲಿ ಯಾರು ಬೇಕಾದರೂ ಕಟ್ಟಬಹುದಾದದ್ದಕ್ಕೆ ನಾನು ಮೊದಲ ಬಹುಮಾನ ಕೊಟ್ಟಿದ್ದೆ.

ಅದಕ್ಕೇ ನನ್ನ ಸಲಹೆ ಒಂದೇ. ಪ್ರತಿ ಕವನಕ್ಕೂ ಈ ಪ್ರಶ್ನೆ ಕೇಳಿ: ಇವರು ಸ್ವಂತ ಕಣ್ಣಲ್ಲಿ ಕಂಡದ್ದು ಇದರಲ್ಲಿ ಏನಿದೆ? ಒಂದು ಸಾಲಿರಲಿ, ಅರ್ಧ ಸಾಲಿರಲಿ. ಇದ್ದರೆ ಅಡಿಗೆರೆ ಹಾಕಿ. ಇಲ್ಲದಿದ್ದರೆ ವಿಷಯ ಎಷ್ಟೇ ದೊಡ್ಡದಾಗಿರಲಿ, ಕಟ್ಟಿನ ಕೆಳಗೆ ಹೋಗಲಿ.

ಓಬವ್ವನ ಕವನಗಳಿಗೆ ಈ ಪ್ರಶ್ನೆ ಎಷ್ಟು ಕೆಲಸ ಮಾಡುತ್ತದೆ ನೋಡಿ. ನಿಮ್ಮದು ಚಿತ್ರದುರ್ಗ, ರಾಜ್ಯೋತ್ಸವ ಮುಗಿದು ಹತ್ತು ದಿನಕ್ಕೆ, ನವೆಂಬರ್ 11ಕ್ಕೆ ಓಬವ್ವ ಜಯಂತಿ, ಹಾಗಾಗಿ ಆ ಕವನಗಳು ಬಂದೇ ಬರುತ್ತವೆ. ಮುಕ್ಕಾಲು ಪಾಲು ಕಥೆಯನ್ನೇ ಸಾಲು ಮುರಿದು ಬರೆದಿರುತ್ತವೆ. ಗಂಡ ಊಟಕ್ಕೆ ಬಂದ, ಇವಳು ನೀರಿಗೆ ಹೋದಳು, ಕಿಂಡಿಯಲ್ಲಿ ಹೈದರನ ಸೈನಿಕರು ನುಸುಳುತ್ತಿದ್ದರು, ಒನಕೆ ಎತ್ತಿದಳು, ಜೈ ಓಬವ್ವ. ಇದು ನಿಮಗೂ ಗೊತ್ತು, ಕೋಟೆಯ ಗೈಡ್‌ಗೂ ಗೊತ್ತು, ಅವರು ಇನ್ನೂ ಚೆನ್ನಾಗಿ ಹೇಳುತ್ತಾರೆ. ಆದರೆ ಒಬ್ಬರು ಯಾರೋ 'ಮರುದಿನ ಆ ಒನಕೆ ತೊಳೆದವರು ಯಾರು? ಅದರಲ್ಲಿ ಮತ್ತೆ ಭತ್ತ ಕುಟ್ಟಿದರಾ?' ಅಂತ ಬರೆದರು ಅಂದುಕೊಳ್ಳಿ. ತಕ್ಷಣ ನೀವು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತೀರಿ ಅಲ್ವಾ? ಅದೇ ಕಥೆ, ಅದೇ ಒನಕೆ, ಆದರೆ ಇಲ್ಲಿ ಯಾರೋ ಒಬ್ಬರು ಯೋಚನೆ ಮಾಡಿದ್ದಾರೆ. ಉಳಿದ ಸಾಲುಗಳು ಕುಂಟಿದರೂ ಆ ಕವನವನ್ನು ಮೇಲಿಡಿ.

ಓದುವ ಕ್ರಮದ ಬಗ್ಗೆ. ಮೊದಲ ಓದಿನಲ್ಲಿ ಅಂಕಪಟ್ಟಿ ಮುಟ್ಟಲೇಬೇಡಿ. 84 ಕವನ, ಒಂದಕ್ಕೆ 3 ನಿಮಿಷ ಅಂದರೂ 252 ನಿಮಿಷ, ನಾಲ್ಕು ಗಂಟೆಯ ಮೇಲಾಯಿತು. ಒಂದೇ ಸಲಕ್ಕೆ ಕೂತರೆ 30ನೆಯದರ ಹೊತ್ತಿಗೆ ಎಲ್ಲವೂ ಒಂದೇ ಕವನ ಅನ್ನಿಸಲು ಶುರುವಾಗುತ್ತದೆ. 21ರ ಹಾಗೆ ನಾಲ್ಕು ಕಟ್ಟು ಮಾಡಿ, ದಿನಕ್ಕೊಂದು ಓದಿ. ಬಾಯಿ ಬಿಟ್ಟು ಓದಿ, ಮನೆಯವರು ನಕ್ಕರೆ ನಗಲಿ. ಖಂಡಿತ, ನೋಡೋಣ, ಬೇಡ ಅಂತ ಮೂರು ಗುಡ್ಡೆ. ಎರಡನೇ ಓದಿನಲ್ಲಿ ಕ್ರಮ ತಿರುಗಿಸಿ, ಕೊನೆಯದರಿಂದ ಶುರುಮಾಡಿ. ಮೊದಲು ಸಿಕ್ಕವಕ್ಕೆ ನಾವು ಬಿಗಿ ಇರುತ್ತೇವೆ, ಆಮೇಲೆ ಸುಸ್ತಾಗಿ ಇದೂ ಆಗಲಿ ಬಿಡು ಅನ್ನುತ್ತೇವೆ, ಹತ್ತು ಕೆಟ್ಟದರ ನಂತರ ಬಂದ ಸಾಧಾರಣ ಕವನ ಅದ್ಭುತ ಅನ್ನಿಸುತ್ತದೆ. 'ಬೇಡ' ಗುಡ್ಡೆಯನ್ನೂ ಒಂದು ಸಲ ತಿರುಗಿ ನೋಡಲೇಬೇಕು. ನನ್ನ ಅನುಭವದಲ್ಲಿ ಪ್ರತಿ ಸಲ ಒಂದೋ ಎರಡೋ ಅಲ್ಲಿಂದ ಎದ್ದು ಬಂದಿವೆ. ಸಾಮಾನ್ಯವಾಗಿ ಕೆಟ್ಟ ಕೈಬರಹದವು.

ಹೆಸರು ಕಾಣಬಾರದು. ಇದನ್ನು ಸಂಘದವರಿಗೆ ಇವತ್ತೇ ಹೇಳಿ. ಪ್ರತಿ ಕವನಕ್ಕೆ ನಂಬರ್ ಹಾಕಲಿ, ಹೆಸರು, ಊರು, ಫೋನ್ ಬೇರೆ ಪಟ್ಟಿಯಲ್ಲಿರಲಿ. ಆ ಪಟ್ಟಿ ಫಲಿತಾಂಶ ಆಗುವವರೆಗೆ ನಿಮ್ಮ ಮೂವರ ಕೈಗೆ ಬರಬಾರದು. ವಾಟ್ಸಾಪಿನಲ್ಲಿ ಬಂದವನ್ನು ಯಾರಾದರೂ ಒಂದೇ ಫಾಂಟಿನಲ್ಲಿ ಟೈಪ್ ಮಾಡಿಸಲಿ, ಇಲ್ಲದಿದ್ದರೆ ಹೂವಿನ ಬಾರ್ಡರ್ ಹಾಕಿ ಕಳಿಸಿದ ಕವನ ಬಾರ್ಡರಿನಿಂದಲೇ ಎದ್ದು ಕಾಣುತ್ತದೆ. 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡುವುದುಂಟು. ಆ ತಪ್ಪಿನ ಅಂಕವನ್ನು ಕವಿಯಿಂದ ಕತ್ತರಿಸಬೇಡಿ.

ಕಾಗುಣಿತದ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ನಮ್ಮ ಸೀಮೆಯ ಕನ್ನಡ ಮೈಸೂರಿನದೂ ಅಲ್ಲ, ಧಾರವಾಡದ್ದೂ ಅಲ್ಲ. 1997ರವರೆಗೆ ದಾವಣಗೆರೆಯೂ ನಿಮ್ಮ ಜಿಲ್ಲೆಯೊಳಗೇ ಇತ್ತು, ಬಸ್ಸಿನಲ್ಲಿ ಕೂತರೆ ಎರಡೂ ಕಡೆಯ ಮಾತು ಒಂದೇ ಸೀಟಿನಲ್ಲಿ ಕೇಳುತ್ತದೆ. ಆಡುಮಾತಿನಲ್ಲಿ ಬರೆದದ್ದನ್ನು ಅಶುದ್ಧ ಅನ್ನಬೇಡಿ. ಮೊದಲಿಂದ ಕೊನೆವರೆಗೆ ಒಂದೇ ಮಾತಿನಲ್ಲಿ ಬರೆದಿದ್ದಾರಾ, ಅದನ್ನು ನೋಡಿ. ಮೂರು ಸಾಲು 'ಎಲ್ಲಿಗ್ ಹೊಂಟೀ ಯಪ್ಪಾ' ಅಂದು, ನಾಲ್ಕನೆಯದರಲ್ಲಿ 'ಹೇ ಜನಕ, ತವ ಪಾದಕೆ ನಮಿಪೆ' ಅಂದರೆ ಅದು ಭಾಷೆಯ ದೋಷ. ಲ, ಳ, ಶ, ಷ ತಪ್ಪುಗಳಿಗೆ ಪದವೀಧರರಿಂದ ಒಂದು ಅಂಕ ಬೇಕಾದರೆ ಕತ್ತರಿಸಿ. ಮಕ್ಕಳದ್ದಾದರೆ ಬಿಡಿ.

ಇನ್ನು ನಿಮ್ಮ ಮೇಷ್ಟ್ರ ಛಂದಸ್ಸು. ಇವರನ್ನು ತಳ್ಳಿಹಾಕಬೇಡಿ, ಇವರಿಂದ ನಿಮಗೆ ಬಹಳ ಉಪಯೋಗ ಇದೆ. ಆದರೆ ಅವರ ಮಾತು ಪೂರ್ತಿ ಒಪ್ಪುವ ಹಾಗಿಲ್ಲ. ಮಠಗಳ ಊರಲ್ಲಿ ಕೂತು, ಬೆಳಗಾದರೆ ಮೈಕಿನಲ್ಲಿ ವಚನ ಕೇಳುತ್ತಾ, ಛಂದಸ್ಸಿಲ್ಲದ್ದು ಕವನ ಅಲ್ಲ ಅನ್ನೋದು ಹೇಗೆ? 12ನೇ ಶತಮಾನದ ವಚನಗಳು ಯಾವ ಷಟ್ಪದಿಯ, ಅಂದರೆ ಆರು ಸಾಲಿನ ಪದ್ಯದ, ಲೆಕ್ಕಕ್ಕೂ ಸಿಗುವುದಿಲ್ಲ, ಆದರೂ ಲಯ ಇದೆ. ನವ್ಯ ಕಾವ್ಯದವರು ಮುಕ್ತ ಛಂದಸ್ಸು, ಅಂದರೆ ಗೊತ್ತಾದ ಲೆಕ್ಕಕ್ಕೆ ಕಟ್ಟುಬೀಳದ ಸಾಲು, ಹಿಡಿದೇ 70 ವರ್ಷ ಮೀರಿತು. ಇದನ್ನು ಮೆಲ್ಲಗೆ ಹೇಳಿ, ವಾದಕ್ಕೆ ಇಳಿಯಬೇಡಿ.

ನಿಯಮ ಇಷ್ಟೇ: ಕವನ ತಾನೇ ಒಪ್ಪಿಕೊಂಡ ಕಟ್ಟಿಗೆ ಬದ್ಧವಾಗಿದೆಯಾ? ಮೇಲೆ 'ಭಾಮಿನಿ ಷಟ್ಪದಿ' ಅಂತ ಬರೆದುಕೊಂಡು ಬಂದರೆ ಆಗ ಲೆಕ್ಕ ಹಾಕಲೇಬೇಕು. ಭಾಮಿನಿಯಲ್ಲಿ 1, 2, 4, 5ನೇ ಸಾಲುಗಳಿಗೆ 14 ಮಾತ್ರೆ (ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ), ಮೂರು ನಾಲ್ಕು ಮೂರು ನಾಲ್ಕರ ನಡೆ. 3 ಮತ್ತು 6ನೇ ಸಾಲು ಅದರ ಒಂದೂವರೆ ಪಟ್ಟು, ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ, ಒಟ್ಟು 23. ಜೊತೆಗೆ ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ. ಈ ಎರಡು ಸಾಲು ನೋಡಿ, ಉದಾಹರಣೆಗೆ ಅಂತ ಕಟ್ಟಿದ್ದು:

ಕೋಟೆ ಗೋಡೆಯ ಮೇಲೆ ನಿಂತರೆ
ಊಟ ಮರೆವುದು ಗಾಳಿ ಹಾಡಿಗೆ

ಕೋಟೆ 3, ಗೋಡೆಯ 4, ಮೇಲೆ 3, ನಿಂತರೆ 4. ಊಟ 3, ಮರೆವುದು 4, ಗಾಳಿ 3, ಹಾಡಿಗೆ 4. ಎರಡನೇ ಅಕ್ಷರ ಎರಡರಲ್ಲೂ ಟ-ಕಾರ. ಈಗ ಮೊದಲ ಸಾಲನ್ನು 'ಕೋಟೆಯ ಗೋಡೆ ಮೇಲೆ ನಿಂತರೆ' ಅಂತ ಬದಲಿಸಿ. ಮಾತ್ರೆ ಕೂಡಿದರೆ ಈಗಲೂ 14. ಆದರೆ ನಡೆ ನಾಲ್ಕು ಮೂರು ಮೂರು ನಾಲ್ಕಾಯಿತು, ಓದಿದರೆ ಕಾಲು ಎಡವುತ್ತದೆ. ಬೆರಳೆಣಿಸಿ ಬರೆಯುವವರು ಎಡವುವುದು ಇಲ್ಲೇ, ಮೊತ್ತ ಸರಿ ಇರುತ್ತದೆ, ನಡೆ ಇರುವುದಿಲ್ಲ. ಇದನ್ನು ಹಿಡಿಯಲು ಪಳಗಿದ ಕಿವಿ ಬೇಕು, ನಿಮ್ಮ ಮೇಷ್ಟ್ರಿಗೆ ಅದು ಇದ್ದೇ ಇರುತ್ತದೆ. ಹಾಗಂತ ನಡೆ ತಪ್ಪದ ಷಟ್ಪದಿ ತಾನಾಗಿಯೇ ಗೆಲ್ಲುವುದೂ ಇಲ್ಲ. 'ಓಬವ್ವ ಬಂದಳು ಒನಕೆ ಎತ್ತಿದಳು' ಅನ್ನೋದನ್ನು ಸರಿಯಾದ ಭಾಮಿನಿಯಲ್ಲಿ ಹೇಳಿದರೂ ಅದು ಮತ್ತೆ ಗೈಡ್ ಹೇಳಿದ ಕಥೆಯೇ.

ಗಜಲ್ ಬಂದಿದ್ದರೂ ಇದೇ ಮಾತು. ಈಗ ಎಲ್ಲರೂ ಗಜಲ್ ಬರೆಯುತ್ತಾರೆ, ನಮ್ಮ ಕಡೆ ಸ್ವಲ್ಪ ಜಾಸ್ತಿಯೇ. ರದೀಫ್, ಅಂದರೆ ಕೊನೆಗೆ ಮತ್ತೆ ಮತ್ತೆ ಬರುವ ಪದ, ಇಲ್ಲದ ಗಜಲ್ ಇದೆ, ಕಾಫಿಯಾ, ಅಂದರೆ ಅದರ ಹಿಂದಿನ ಪ್ರಾಸ, ಇಲ್ಲದ್ದು ಇಲ್ಲ. ಪ್ರತಿ ಎರಡು ಸಾಲಿನ ಕೊನೆಗೆ 'ಸಖಿ' ಅಂತ ಹಾಕಿದ ಮಾತ್ರಕ್ಕೆ ಗಜಲ್ ಆಗುವುದಿಲ್ಲ, ಆ ಸಖಿಯ ಹಿಂದಿನ ಪದಗಳು ಪ್ರಾಸದಲ್ಲಿ ಕೂರಬೇಕು. ಒಂದೊಂದು ಶೇರ್, ಅಂದರೆ ಆ ಎರಡೆರಡು ಸಾಲು, ಬಿಡಿಸಿ ಓದಿದರೂ ನಿಲ್ಲಬೇಕು.

ಮುಕ್ತ ಛಂದಸ್ಸಿನದನ್ನು ಪರೀಕ್ಷಿಸೋದು ಹೇಗೆ ಅಂತ ಮೇಷ್ಟ್ರು ಕೇಳುತ್ತಾರೆ, ಕೇಳಲೇಬೇಕು. ಕವನವನ್ನು ಸಾಲು ಮುರಿಯದೆ ಒಂದೇ ಪ್ಯಾರಾ ಮಾಡಿ ಬರೆಯಿರಿ. ಏನೂ ಕಳೆದುಹೋಗದಿದ್ದರೆ ಅದು ಮೊದಲೂ ಗದ್ಯವೇ ಆಗಿತ್ತು. ಭಟ್ಟಿಯ ಅಮ್ಮನನ್ನು ಹಾಗೆ ಬರೆದು ನೋಡಿ. 'ಮರಳು ಉದುರುತ್ತದೆ' ಅನ್ನೋದು ತಾನೇ ಒಂದು ಸಾಲಾಗಿ ನಿಂತಾಗ ಅಲ್ಲಿ ಒಂದು ಕ್ಷಣ ನಿಲ್ಲುತ್ತೇವೆ, ಮಗು ಬಾಗಿಲಲ್ಲಿ ಕಾಯುವ ಕ್ಷಣ ಅದು. ಪ್ಯಾರಾದಲ್ಲಿ ಅದು ಹೋಗಿಬಿಡುತ್ತದೆ. ಇನ್ನೊಂದು, ಉದ್ದಕ್ಕೆ ಅಂಕ ಕೊಡಬೇಡಿ. ನಾಲ್ಕು ಸಾಲಿನ ಚುಟುಕದ ಪಕ್ಕ 48 ಸಾಲಿನ ಕವನ ಇದ್ದರೆ, ಪಾಪ ಎಷ್ಟು ಕಷ್ಟಪಟ್ಟಿದ್ದಾರೆ ಅಂತ ಮನಸ್ಸು ಕರಗುತ್ತದೆ. ಅವರು ಕಷ್ಟಪಟ್ಟಿದ್ದಕ್ಕೆ ನಾವು ಯಾಕೆ ಕಷ್ಟಪಡಬೇಕು.

ಈಗ ಅಂಕಪಟ್ಟಿ. ಸಂಘದವರು ಕೊಟ್ಟಿದ್ದನ್ನು ಬೇಡ ಅನ್ನೋದು ಕಷ್ಟ, ಲೆಕ್ಕಕ್ಕೆ ಅವರಿಗೂ ಒಂದು ಹಾಳೆ ಬೇಕು. ಆದರೆ ಮೂವರ ಅಂಕ ಸುಮ್ಮನೆ ಕೂಡಿ ಜಾಸ್ತಿ ಬಂದವರು ಮೊದಲು ಅಂತ ಮಾಡಲು ಬಿಡಬೇಡಿ. ಯಾಕೆ ಅನ್ನೋದಕ್ಕೆ ಒಂದು ಲೆಕ್ಕ. 50ಕ್ಕೆ ಅಂಕ. 17ನೇ ನಂಬರಿನ ಕವನಕ್ಕೆ ನೀವು 41 ಕೊಟ್ಟಿರಿ, 52ನೇ ನಂಬರಿಗೆ 38. ಎಲ್ಲವೂ ಚೆನ್ನಾಗಿದೆ ಅನ್ನುವವರು 44 ಮತ್ತು 42. ಇಬ್ಬರಿಗೂ 17ನೆಯದೇ ಮೇಲು. ಮೇಷ್ಟ್ರು 17ಕ್ಕೆ ಛಂದಸ್ಸಿಲ್ಲ ಅಂತ 20, 52ಕ್ಕೆ 40. ಕೂಡಿ: 17ಕ್ಕೆ 105, 52ಕ್ಕೆ 120. ಇಬ್ಬರು ಮೇಲಿಟ್ಟ ಕವನ 15 ಅಂಕದಿಂದ ಸೋತಿತು. ಯಾರು 15ರಿಂದ 45ರವರೆಗೆ ಹರಡಿ ಅಂಕ ಕೊಡುತ್ತಾರೋ ಅವರೊಬ್ಬರೇ ಸ್ಪರ್ಧೆ ನಿರ್ಧರಿಸುತ್ತಾರೆ. 40ರಿಂದ 45ರೊಳಗೆ ಎಲ್ಲರಿಗೂ ಹಂಚುವವರು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮೇಷ್ಟ್ರು ಮೋಸ ಮಾಡಿದ್ದಾರೆ ಅಂತಲ್ಲ, ಅವರು ಪ್ರಾಮಾಣಿಕವಾಗಿಯೇ ಕೊಟ್ಟಿದ್ದಾರೆ.

ಹಾಗಾಗಿ ಮೂವರೂ ತಂತಮ್ಮ ಮೇಲಿನ ಹತ್ತನ್ನು ಕ್ರಮವಾಗಿ ಬರೆದುಕೊಂಡು ಬನ್ನಿ. ಅಂಕ ಬೇಡ, ಕ್ರಮ ಸಾಕು. ನಾಲ್ಕೈದು ಎಲ್ಲರ ಪಟ್ಟಿಯಲ್ಲೂ ಇರುತ್ತವೆ. ಒಬ್ಬರ ಪಟ್ಟಿಯಲ್ಲಿ ಮಾತ್ರ ಇರುವುದನ್ನು ಅವರು ಜೋರಾಗಿ ಓದಿ, ಯಾಕೆ ಇಟ್ಟೆ ಅಂತ ಹೇಳಬೇಕು. ಆಗ ಕೆಲವು ಬೀಳುತ್ತವೆ, ಕೆಲವು ಉಳಿದವರ ಮನಸ್ಸು ಗೆದ್ದು ಮೇಲೆ ಬರುತ್ತವೆ. 17ಕ್ಕೆ ಮೇಷ್ಟ್ರು 20 ಕೊಟ್ಟದ್ದಕ್ಕೆ ನಿಮಗೆ ಹೊಳೆಯದ ಒಂದು ಕಾರಣವೂ ಇರಬಹುದು, ಕೇಳದೆ ಗೊತ್ತಾಗುವುದಿಲ್ಲ. ಒಂದು ಮಧ್ಯಾಹ್ನ, ಮೂರು ಟೀ, ಒಂದು ಪೊಟ್ಟಣ ಮಂಡಕ್ಕಿ ಮಿರ್ಚಿ ಸಾಕು. ಆಮೇಲೆ ಸಂಘದ ಹಾಳೆಯಲ್ಲಿ ಆ ಕ್ರಮಕ್ಕೆ ಹೊಂದುವ ಹಾಗೆ ಅಂಕ ತುಂಬಿ ಸಹಿ ಹಾಕಿ. ಮೋಸ ಅನ್ನಿಸಿದರೆ ಸಂಘದವರಿಗೆ ಮೊದಲೇ ಹೇಳಿ, ಹೀಗೆ ಮಾಡುತ್ತೇವೆ ಅಂತ.

ಕದ್ದದ್ದು ಮತ್ತು ಬರೆಸಿದ್ದು. ಕದ್ದದ್ದರ ಬಗ್ಗೆ ನನಗೆ ಒಂದು ಪಾಠ ಆಗಿದೆ. ಒಂದು ಸಂಘದ ಸ್ಪರ್ಧೆಯಲ್ಲಿ ವೇದಿಕೆ ಮೇಲೆ ಮೊದಲ ಬಹುಮಾನದ ಕವನ ಹೊಗಳುತ್ತಾ, ಈ ಸಾಲು ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ ಅಂತ ಹೇಳುತ್ತಿದ್ದೆ. ಮೂರನೇ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಎದ್ದು, 'ಸಾರ್, ಅದು ನನ್ನದು, ವಾರಪತ್ರಿಕೆಯಲ್ಲಿ ಬಂದಿತ್ತು' ಅಂದರು. ಮಾರನೇ ದಿನ ಆ ಹಳೇ ಸಂಚಿಕೆ ತಂದೂ ತೋರಿಸಿದರು. ಅವತ್ತಿನಿಂದ ಮೇಲಿನ ಐದು ಕವನಗಳಲ್ಲಿ ಒಂದೊಂದು ಅಪರೂಪದ ಸಾಲು ಆರಿಸಿ, ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್‌ನಲ್ಲಿ ಹುಡುಕುತ್ತೇನೆ. ವಾಟ್ಸಾಪಿನಲ್ಲಿ ಓಡಾಡಿದ್ದು ಬಹುತೇಕ ಸಿಕ್ಕಿಬೀಳುತ್ತದೆ. ಅಚ್ಚಿನಲ್ಲಿ ಮಾತ್ರ ಇದ್ದದ್ದು ಸಿಗುವುದಿಲ್ಲ. ಅದಕ್ಕೆ ಊರ ಲೈಬ್ರರಿಯಲ್ಲಿ ದಿನಾ ಕೂರುವ ಒಬ್ಬರಾದರೂ ಇರುತ್ತಾರೆ, ಅವರಿಗೆ ಹೆಸರಿಲ್ಲದೆ ತೋರಿಸಿ.

ಚಾಟ್‌ಜಿಪಿಟಿ ಥರದ್ದರಿಂದ ಬರೆಸಿದ್ದನ್ನು ಖಚಿತವಾಗಿ ಹಿಡಿಯಲು ಆಗುವುದಿಲ್ಲ. ಯಾವುದೋ ಸಾಫ್ಟ್‌ವೇರ್ ಶೇಕಡಾ ಇಷ್ಟು ಅಂದಿತು ಅಂತ ಯಾರನ್ನೂ ಕಳ್ಳ ಅನ್ನಬೇಡಿ, ಹತ್ತನೇ ಕ್ಲಾಸಿನ ಮಗುವಿಗೆ ಆ ಮಾತು ಬಹಳ ದಿನ ಉಳಿಯುತ್ತದೆ. ಗುರುತು ಕೆಲವಿವೆ. ಎಲ್ಲ ಚರಣಗಳೂ ತಕ್ಕಡಿಯಲ್ಲಿ ತೂಗಿದ ಹಾಗೆ ಸಮ. ಕನಸು, ಬೆಳಕು, ಪಯಣ, ಭರವಸೆ, ಈ ನಾಲ್ಕು ಪದ ಇದ್ದೇ ಇರುತ್ತವೆ. ಮೊಳಕಾಲ್ಮೂರಿನ ಮೇಲೆ ಬರೆಸಿದರೆ ರೇಷ್ಮೆ ಸೀರೆ ಬರುತ್ತದೆ, ನೇಯುವವರ ಸೊಂಟ ನೋವು ಬರುವುದಿಲ್ಲ. ಆದರೆ ಹೀಗೆ ಬರೆಯುವ ಮನುಷ್ಯರೂ ಬೇಕಾದಷ್ಟಿದ್ದಾರೆ, ತ್ಯಾಗಮಯಿ ಬರೆದವರ ಹತ್ತಿರ ಆಗ ಯಾವ ಯಂತ್ರವೂ ಇರಲಿಲ್ಲ. ನೀವು ಸ್ವಂತ ಕಣ್ಣಿಗೆ ಕಂಡದ್ದನ್ನೇ ಹುಡುಕುತ್ತಾ ಹೋದರೆ ಇಂಥವು ಯಾರು ಬರೆದರು ಅನ್ನುವ ಪ್ರಶ್ನೆ ಬರುವ ಮೊದಲೇ ಕೆಳಗಿಳಿದಿರುತ್ತವೆ. ಇನ್ನೂ ಅನುಮಾನ ಇದ್ದರೆ, ಮೇಲಿನ ಐವರನ್ನೂ ಕರೆಸಿ ಐದೈದು ನಿಮಿಷ ಮಾತಾಡಿಸಲು ಸಂಘದವರಿಗೆ ಹೇಳಿ. ಎಲ್ಲರನ್ನೂ, ಅನುಮಾನ ಇದ್ದವರನ್ನು ಮಾತ್ರ ಅಲ್ಲ. 'ಈ ಪದ ಯಾಕೆ ಹಾಕಿದಿರಿ, ಬೇರೆ ಯಾವುದು ಬರೆದು ಹೊಡೆದು ಹಾಕಿದಿರಿ' ಅಂತ ಕೇಳಿದರೆ ಸಾಕು. ಬರೆದವರು ನಿಲ್ಲಿಸಿ ಅನ್ನುವವರೆಗೆ ಹೇಳುತ್ತಾರೆ.

ಫೋನುಗಳು ಬರುತ್ತವೆ, ಅದಕ್ಕೂ ಸಿದ್ಧರಾಗಿರಿ. 'ಮೇಡಂ, ನಮ್ಮ ಹುಡುಗಿ ಬರೆದಿದಾಳೆ, ಸ್ವಲ್ಪ ನೋಡ್ರಿ.' ನೋಡುತ್ತೇನೆ ಅನ್ನಿ. ಎಲ್ಲರದ್ದನ್ನೂ ನೋಡುತ್ತಿದ್ದೀರಲ್ಲ, ಸುಳ್ಳೇನಲ್ಲ. ನಿಮ್ಮ ಶಾಲೆಯ ಮಕ್ಕಳ ಅಕ್ಷರ ನಿಮಗೇ ಗುರುತು ಸಿಕ್ಕರೆ, ಆ ಕವನವನ್ನು ಉಳಿದಿಬ್ಬರ ತೀರ್ಮಾನಕ್ಕೆ ಬಿಟ್ಟು ನೀವು ಸುಮ್ಮನಿರಿ.

ಒಂದೂ ಚೆನ್ನಾಗಿಲ್ಲದಿದ್ದರೆ? ಮೊದಲ ಬಹುಮಾನ ಅಂತ ಬ್ಯಾನರ್ ಹಾಕಿದ ಮೇಲೆ ಕೊಡಿ. ಕರಪತ್ರದಲ್ಲಿ 'ತೀರ್ಪುಗಾರರು ಬಹುಮಾನ ತಡೆಹಿಡಿಯಬಹುದು' ಅಂತ ಮೊದಲೇ ಇದ್ದರೆ ಮಾತ್ರ ತಡೆಹಿಡಿಯುವ ಯೋಚನೆ ಮಾಡಿ. ಈಗ ಮಾಡಿದರೆ 84 ಮನೆಯವರಿಗೆ ಬೈದ ಹಾಗಾಗುತ್ತದೆ. ನಿಜ ಹೇಳಬೇಕೆಂದರೆ 84ರಲ್ಲಿ ಮೂರಾದರೂ ಇರುತ್ತವೆ. ಮಕ್ಕಳಿಗೂ ದೊಡ್ಡವರಿಗೂ ಒಟ್ಟಿಗೇ ಇಟ್ಟಿದ್ದರೆ ಎರಡು ವಿಭಾಗ ಮಾಡಲು ಹೇಳಿ. ಸಮಾಧಾನಕರ ಬಹುಮಾನ ಹತ್ತು ಜನಕ್ಕೆ ಹಂಚುವ ಬದಲು, ಒಂದೇ ಒಂದು ಒಳ್ಳೆಯ ಸಾಲು ಬರೆದ ನಾಲ್ಕೈದು ಜನರ ಆ ಸಾಲನ್ನು ವೇದಿಕೆಯಲ್ಲಿ ಓದಿ. ಸಾಲು ಓದಿದ್ದಕ್ಕೇ ಕಣ್ಣೀರು ಹಾಕಿದ ತಂದೆಯರನ್ನು ನೋಡಿದ್ದೇನೆ. ತೀರ್ಪುಗಾರರ ಮಾತು ಅಂತ ಮೈಕ್ ಕೊಟ್ಟಾಗ ಹತ್ತು ನಿಮಿಷ ಮೀರಬೇಡಿ. ಬಂದ ಅತಿಥಿಗಳು ಹೇಗೂ ಮೀರುತ್ತಾರೆ.

ಪ್ರತಿ ಕವನದ ಹಿಂದೆ ಪೆನ್ಸಿಲಿನಲ್ಲಿ ಒಂದೇ ವಾಕ್ಯ ಬರೆದಿಡಿ, 84ಕ್ಕೂ. ಕಾರ್ಯಕ್ರಮ ಮುಗಿದು ಕುರ್ಚಿ ಮಡಚುವಾಗ ಯಾರಾದರೂ ಬಂದು 'ನನ್ನ ಕವನಕ್ಕೆ ಏನಾಗಿತ್ತು ಮೇಡಂ' ಅಂತ ಕೇಳಿಯೇ ಕೇಳುತ್ತಾರೆ. ಆಗ 'ಚೆನ್ನಾಗಿತ್ತು, ಸ್ವಲ್ಪದರಲ್ಲಿ ತಪ್ಪಿತು' ಅನ್ನಬೇಡಿ, ಅದು ಸುಳ್ಳು ಅಂತ ಅವರಿಗೂ ಗೊತ್ತು. 'ಏಳನೇ ಸಾಲಿನವರೆಗೆ ನಿಮ್ಮ ಅಜ್ಜನೇ ಇದ್ದರು, ಆಮೇಲೆ ಪಾಠದ ಅಜ್ಜ ಬಂದರು' ಅಂತ ಹೇಳಲು ಆಗಬೇಕು.

ಮೇಷ್ಟ್ರಿಗೆ ಇವತ್ತೇ ಸಂಜೆ ಫೋನ್ ಮಾಡಿ. 'ಸಾರ್, ಷಟ್ಪದಿ ಅಂತ ಬರೆದು ಕಳಿಸಿರುವುದು ಇಷ್ಟಿವೆ, ನಡೆ ನನಗೆ ಗೊತ್ತಾಗುವುದಿಲ್ಲ, ನೀವು ಮೊದಲು ನೋಡಿಕೊಡಿ' ಅನ್ನಿ. ಆ ಕಟ್ಟಿನಲ್ಲಿ ಎಡವಿದವರನ್ನು ಅವರೇ ಕೆಳಗಿಳಿಸುತ್ತಾರೆ. ಒಂದು ವಾರ ಬಿಟ್ಟು ನಿಮ್ಮ 17ನೇ ನಂಬರನ್ನು ಅವರ ಎದುರೇ ಬಾಯಿ ಬಿಟ್ಟು ಓದಿ ನೋಡಿ.